ಬದನೆ ಸಸಿಗೆ ಪಂಚಾಮೃತ

ನಮ್ಮ ಮನೆಯಲ್ಲಿ ಬಿಸಿಲು ಬರುವುದು ದೇವರಮನೆಗೆ ಮಾತ್ರ. ಇದು ಭಕ್ತಿಯ ಮಾತಲ್ಲ, ಕಟ್ಟಡದ ಮಾತು. ಪದ್ಮನಾಭನಗರದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಅಡುಗೆಮನೆಯಿಂದ ಕೈ ಚಾಚಿದರೆ ಪಕ್ಕದವರ ಒಗ್ಗರಣೆಗೆ ಕರಿಬೇವು ಹಾಕಬಹುದು. ಪೂರ್ವದ ಒಂದು ಕಿಟಕಿಯನ್ನು ದೇವರು ತನಗೂ ನನಗೂ ಸೇರಿಸಿ ಉಳಿಸಿಕೊಂಡಿದ್ದಾನೆ, ಅದೇ ಪುಣ್ಯ.

ಹಾಗಾಗಿ ಕಮಲಮ್ಮನವರು ಬದನೆ ಬೀಜ ಕೊಟ್ಟಾಗ ಸಸಿ ಮಾಡಲು ಬೇರೆ ಜಾಗ ಹುಡುಕುವ ಪ್ರಶ್ನೆಯೇ ಇರಲಿಲ್ಲ. ಕಮಲಮ್ಮ ಎದುರುಮನೆಯವರು. ಅವರ ಹಿತ್ತಲಿನ ಬಿಳಿ ಗೀರಿನ ಗುಂಡು ಬದನೆ ಅವರ ಅತ್ತೆಯ ಕಾಲದಿಂದ ಬಂದದ್ದು. ಎಣ್ಣೆಗಾಯಿ ಮಾಡಿದರೆ ಬೆಣ್ಣೆ. ಈಗ ಆ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದಾರೆ. ಜೆ.ಪಿ. ನಗರದ ಮಗಳ ಮನೆಗೆ ಹೊರಡುವ ದಿನ ಕಮಲಮ್ಮ ಒಂದು ಪೊಟ್ಟಣ ತಂದು ಕೈಗಿಟ್ಟರು.

"ಇಷ್ಟೇ ಉಳಿದಿರೋದು ಸಾವಿತ್ರಿ. ಈ ಓಡಾಟದಲ್ಲಿ ನನ್ ಕೈಲಾಗಲ್ಲ. ನೀನು ಸಸಿ ಮಾಡು, ಮಗಳ ಮನೆ ಬಾಲ್ಕನಿಗೆ ಎರಡು ಕೊಟ್ರೆ ಸಾಕು."

ಮೊಸರಿನ ಡಬ್ಬಿಗಳಿಗೆ ತೂತು ಮಾಡಿ, ಮಣ್ಣು ಗೊಬ್ಬರ ತುಂಬಿ, ಆಸೆಗೆ ಬಿದ್ದು ಪೊಟ್ಟಣವನ್ನೇ ಬರಿದು ಮಾಡಿ ಬಿತ್ತಿದೆ. ನಾಲ್ಕು ಬೀಜ ತೆಗೆದಿಡುವ ಬುದ್ಧಿಯನ್ನು ಅಂದು ಯಾವ ದೇವರೂ ಕೊಡಲಿಲ್ಲ. ಡಬ್ಬಿಗಳು ಶಿವಲಿಂಗದ ಮುಂದೆ ಸಾಲಾಗಿ ಕುಳಿತವು.

"ಮಂಗಳಾರತಿ ಯಾರಿಗೆ ಕಣೇ, ಶಿವನಿಗಾ ಬದನೇಕಾಯಿಗಾ?" ಎಂದರು ನಮ್ಮ ಯಜಮಾನರು.

"ಎಣ್ಣೆಗಾಯಿ ಬೇಕು ಅಂದ್ರೆ ಸುಮ್ನೆ ಕೈ ಮುಗೀರಿ" ಎಂದೆ.

ಮೊಳಕೆ ಬಂತು. ದೀಪ ಹಚ್ಚುವ ಮೊದಲು ಆ ಎರಡೆರಡು ಎಲೆಗಳನ್ನೇ ನೋಡುತ್ತಿದ್ದೆ, ಶಿವ ಸಹಿಸಿಕೊಂಡ.

ಸೋಮವಾರ ನಮ್ಮಲ್ಲಿ ಪಂಚಾಮೃತದ ಅಭಿಷೇಕ. ಕುಡಿದು ಮಿಕ್ಕ ತೀರ್ಥವನ್ನು ಕಾಲು ತುಳಿಯುವ ಕಡೆ ಚೆಲ್ಲುವಂತಿಲ್ಲ, ಸಿಂಕಿಗಂತೂ ಸಲ್ಲ. ಇಷ್ಟು ವರ್ಷ ಅದನ್ನು ಕಮಲಮ್ಮನವರ ದಾಸವಾಳದ ಬುಡಕ್ಕೆ ಸುರಿದು ಬರುತ್ತಿದ್ದೆ. ಈಗ ಅಲ್ಲಿ ನೀಲಿ ತಗಡಿನ ಬೇಲಿ. ಬಟ್ಟಲು ಹಿಡಿದು ನಿಂತವಳ ಕಣ್ಣೆದುರಿಗೇ ಸಸಿಗಳು! ಮದುವೆಮನೆಯಲ್ಲಿ ಪಾಲಿಕೆಯ ಮಣ್ಣಿನ ಕುಡಿಕೆಗಳಲ್ಲಿ ಬಿತ್ತಿದ ನವಧಾನ್ಯಕ್ಕೆ ಮುತ್ತೈದೆಯರು ಹಾಲು ನೀರು ಬಿಡುವುದಿಲ್ಲವೇ? ಎಷ್ಟು ಹಸಿರಾಗಿ ಬರುತ್ತದೆ! ಪ್ರತಿ ಡಬ್ಬಿಗೂ ಭಕ್ತಿಯಿಂದ ಒಂದೊಂದು ಉದ್ಧರಣೆ ಬಿಟ್ಟೆ. ಮದುವೆ ಮುಗಿದ ಮೇಲೆ ಆ ಪೈರನ್ನು ನೀರಿಗೆ ಬಿಡುತ್ತಾರೆ, ಅದು ಕಾಯಿ ಬಿಡಲಿ ಎಂದು ಯಾರೂ ಕಾಯುವುದಿಲ್ಲ ಎಂಬುದು ಹೊಳೆಯಲೇ ಇಲ್ಲ.

ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ. ಮೊದಲು ಇರುವೆ ಬಂದವು, ಆಮೇಲೆ ಮಣ್ಣಿನ ಮೇಲೆ ಬಿಳಿ ಬೂಷ್ಟು. ಮುಂದಿನ ಸೋಮವಾರ ಬರುವುದರೊಳಗೆ ಬುಡ ಕೊಳೆತು, ಒಂದರ ಹಿಂದೆ ಒಂದು ಸಸಿ ದೇವರಿಗೆ ಸಾಷ್ಟಾಂಗ ಬಿದ್ದಿತ್ತು. ದೊಡ್ಡ ಗಿಡ ಅರಗಿಸಿಕೊಂಡದ್ದನ್ನು ಹಸುಗೂಸಿಗೆ ಕುಡಿಸಿದ್ದೆ.

ಫೋನಿನಲ್ಲಿ ಹೇಳಿದೆ.

"ಅಯ್ಯೋ, ಹೋಗ್ಲಿ ಬಿಡೇ. ಶಿವಾರ್ಪಣ ಅನ್ಕೋ" ಎಂದರು ಕಮಲಮ್ಮ. ಮೊಮ್ಮಗಳ ಶಾಲೆ, ತಮ್ಮ ಮಂಡಿನೋವು, ಎಲ್ಲ ಮಾತಾಡಿದರು. ಇಡುವ ಮುಂಚೆ ಮೆಲ್ಲಗೆ ಕೇಳಿದರು:

"ಒಂದೂ ಇಲ್ವಾ?"

"ಒಂದೂ ಇಲ್ಲ ಕಮಲಮ್ಮ."

"ಹೂಂ. ಸರಿ. ಎರಡು ಕುಂಡ ತರಿಸಿಟ್ಟಿದ್ದೆ, ಮೆಂತ್ಯ ಹಾಕ್ತೀನಿ."

ಅವರು ಬೈಯಲಿಲ್ಲ. ಅದನ್ನೂ ದೇವರ ದಯೆಯೆಂದೇ ಎಣಿಸಬೇಕು. ಆದರೆ ಬೈದಿದ್ದರೆ ಅತ್ತು ಮುಗಿಸಬಹುದಿತ್ತು. ಕೆಲವು ದಯೆಗಳನ್ನು ಹೊತ್ತುಕೊಂಡೇ ಓಡಾಡಬೇಕಾಗುತ್ತದೆ.