ಮಾವನ ಕಂಪೆನಿಗೆ ಬಂದ ಸಂಬಂಧ

ರಸ್ತೆ ಬದಿಯಲ್ಲಿ ಯಾರದ್ದಾದರೂ ಕಾರು ಬಾನೆಟ್ ತೆರೆದು ನಿಂತಿದ್ದರೆ ನನಗೆ ಇಂದಿಗೂ ಸುಮ್ಮನಿರಲಿಕ್ಕೆ ಆಗುವುದಿಲ್ಲ. ಕಾರು ನನ್ನದಲ್ಲ, ಅದರ ಪಕ್ಕ ತಲೆ ಕೆರೆಯುತ್ತ ನಿಂತವನ ಗುರುತೂ ನನಗಿಲ್ಲ. ಆದರೂ ಬಸ್ಸಿನ ಕಿಟಕಿಯಿಂದ ಕುತ್ತಿಗೆ ಉಳುಕುವಷ್ಟು ತಿರುಗಿ ನೋಡುತ್ತೇನೆ. “ನಿಮಗೆ ಚಿಂತೆ ಮಾಡ್ಲಿಕ್ಕೆ ಮನೆಯದ್ದು ಸಾಲದೆ ಬೀದಿಯದ್ದೂ ಬೇಕಾ?” ಎಂದು ಹೆಂಡತಿ ಕೇಳುತ್ತಾಳೆ. ಬೇಕು ಅಂತಲ್ಲ. ಬಂಟ್ವಾಳದಲ್ಲಿ ಮಾವನ ವರ್ಕ್‌ಶಾಪಿನಲ್ಲಿ ಹಿಡಿದ ಅಭ್ಯಾಸ, ವಯಸ್ಸು ಐವತ್ತರ ಹತ್ತಿರವಾದರೂ ಬಿಟ್ಟಿಲ್ಲ.

ಮಾವ ಎಂದರೆ ಅಮ್ಮನ ಅಣ್ಣ. ನಮ್ಮ ಅಳಿಯಕಟ್ಟಿನಲ್ಲಿ ಮಾವನ ನಂತರ ಎಲ್ಲದಕ್ಕೂ ವಾರಸುದಾರ ಅಕ್ಕತಂಗಿಯರ ಮಗ, ಅಳಿಯನೇ. ಹಾಗಾಗಿ ನಾನು ಹೈಸ್ಕೂಲು ಮುಗಿಸಿ ಟೈಪಿಂಗ್ ಕಲಿತ ಕೂಡಲೇ ಅವರು ನನ್ನನ್ನು ತಂದು ವರ್ಕ್‌ಶಾಪಿನ ಮೇಜಿನ ಹಿಂದೆ ಕೂರಿಸಿದರು. ಕೈಗೆ ಎಣ್ಣೆ ಹಿಡಿಯದ ಕೆಲಸ. ಚಿಂತೆ ಮಾಡುವುದಕ್ಕೆ ಅದಕ್ಕಿಂತ ಅನುಕೂಲದ ಜಾಗ ಇನ್ನೊಂದಿಲ್ಲ.

ವರ್ಕ್‌ಶಾಪಿನ ಹೊರಗೆ ಒಂದು ಕಾರು ಕಂಪೆನಿಯ ಬೋರ್ಡು ಇತ್ತು. ಆ ಕಂಪೆನಿ ಈಗ ಇಲ್ಲ, ಹೆಸರು ಹೇಳಿ ಪ್ರಯೋಜನವೂ ಇಲ್ಲ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಮ್ಮ ದೇಶದವರೇ ಶುರು ಮಾಡಿದ್ದು. ಮೊದಮೊದಲು ಹೊರದೇಶದಿಂದ ಬಿಡಿಭಾಗ ತರಿಸಿ ಇಲ್ಲಿ ಜೋಡಿಸುತ್ತಿದ್ದರು. ಆಮೇಲೆ ಸರ್ಕಾರ, ಭಾಗಗಳನ್ನೂ ಇಲ್ಲಿಯೇ ಮಾಡಬೇಕು ಎಂದಿತು. ಕಂಪೆನಿ ಮಾಡುತ್ತೇವೆ ಎಂದಿತು. ಮಾವ ನಂಬಿದರು. ಒಬ್ಬ ದೊಡ್ಡ ಧನಿಗಳ ಕಾರು ಓಡಿಸುತ್ತ ರಿಪೇರಿ ಕಲಿತಿದ್ದ ಮಾವ, ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ಆ ಕಂಪೆನಿಯ ಏಜೆಂಟರಾದರು.

“ನಮ್ಮವರು ಮಾಡಿದ ಕಾರನ್ನು ನಾವೇ ತೆಗೆಯದಿದ್ದರೆ ಮತ್ತೆ ಯಾರು ತೆಗೆಯುವುದು?” ಅಷ್ಟೇ ಅವರು ಹೇಳುತ್ತಿದ್ದದ್ದು. ಬೆಳ್ತಂಗಡಿಯ ಹೋಟೆಲಿನವರು ತೆಗೆದರು. ಮೂಡುಬಿದಿರೆಯ ಡಾಕ್ಟರು ತೆಗೆದರು. ವಾಮದಪದವಿನ ಒಬ್ಬ ಬಸ್ ಡ್ರೈವರ್ ಬಸ್ಸಿನ ಕೆಲಸ ಬಿಟ್ಟು, ಬಾಡಿಗೆಗೆ ಓಡಿಸಲು ತೆಗೆದ. ಇವರು ಯಾರೂ ಕಾರು ನೋಡಿ ತೆಗೆದದ್ದಲ್ಲ, ಮಾವನ ಮುಖ ನೋಡಿ ತೆಗೆದದ್ದು. ಮಾವ ಅದನ್ನು ಒಂದು ದಿನವೂ ಮರೆತವರಲ್ಲ. ಅವರ ನಿದ್ದೆ ಕೆಟ್ಟರೆ ಅದರಿಂದಲೇ ಕೆಡುತ್ತಿತ್ತು.

ಕಾರು ನೋಡಲಿಕ್ಕೆ ಚಂದವೇ. ಆದರೆ ಏರು ಬಂದರೆ ಕುದಿಯುತ್ತಿತ್ತು, ಇಳಿಜಾರಿನಲ್ಲಿ ಕುಣಿಯುತ್ತಿತ್ತು. ಎಂಜಿನ್ ಕೂರುವ ರಬ್ಬರು ಒಂದೇ ಮಳೆಗಾಲಕ್ಕೆ ಬಿರಿಯುತ್ತಿತ್ತು. ಸ್ಪೇರ್‌ಪಾರ್ಟಿಗೆ ಬರೆದರೆ ಕಂಪೆನಿಯಿಂದ ಬಹಳ ಮರ್ಯಾದೆಯ ಉತ್ತರ ಬರುತ್ತಿತ್ತು, ಪಾರ್ಟು ಬರುತ್ತಿರಲಿಲ್ಲ. ಕೊನೆಗೆ ಮಾವ ತಾವೇ ಮಾಡತೊಡಗಿದರು. ಲಾರಿಯ ಹಳೆ ಟಯರು ಕೊಯ್ದು ರಬ್ಬರು, ಗುಜರಿಯಲ್ಲಿ ಸಿಕ್ಕಿದ ಕಬ್ಬಿಣವನ್ನು ಮಂಗಳೂರಿನ ಲೇತಿನಲ್ಲಿ ತಿರುಗಿಸಿ ಎಕ್ಸೆಲ್, ಸೈಕಲ್ ಟ್ಯೂಬಿಗೆ ಬಟ್ಟೆ ಸುತ್ತಿ ನೀರಿನ ಪೈಪು. ಅವನ್ನೆಲ್ಲ ಒಂದು ಮರದ ಪೆಟ್ಟಿಗೆಯಲ್ಲಿಟ್ಟು ಎಲ್ಲಿ ಹೋದರೂ ಜೊತೆಗೆ ಒಯ್ಯುತ್ತಿದ್ದರು. ಕಾರುಗಳು ಓಡಿದವು. ನನಗೆ ಮಾತ್ರ ಪ್ರತಿ ಫೋನಿಗೂ, ಎಲ್ಲಿ ಯಾವುದು ಕಳಚಿ ಬಿತ್ತೋ ಎಂಬ ಚಿಂತೆ.

ಹೀಗಿರುವಾಗ ಪೇಪರಿನಲ್ಲಿ ಸುದ್ದಿ ಬಂತು. ಕಂಪೆನಿ ನಷ್ಟದಲ್ಲಿದೆ, ಹೊರದೇಶದ ಎರಡು ಕಾರು ಕಂಪೆನಿಗಳ ಜೊತೆ ಕೂಡಿಕೊಳ್ಳುವ ಮಾತುಕತೆ ನಡೆದಿದೆ, ಅದು ಕೂಡಿ ಬಂದರೆ ಉಳಿಯುತ್ತದೆ, ಇಲ್ಲವಾದರೆ ಬಾಗಿಲು ಮುಚ್ಚುವುದೇ. ನಾವು ಚಾ ಕುಡಿಯುತ್ತಿದ್ದ ಹೋಟೆಲಿನಲ್ಲಿ ಜವಳಿ ಅಂಗಡಿಯವನೊಬ್ಬನಿದ್ದ, ಎಲ್ಲರ ಕಾಲೆಳೆಯುವವ. ಅವನು ಪೇಪರು ಮಡಚುತ್ತ ಕೇಳಿದ: “ಏನು ಧನಿಗಳೇ, ನಿಮ್ಮ ಕಂಪೆನಿಗೆ ಫಾರಿನ್ ಸಂಬಂಧ ಬಂದಿದೆಯಂತೆ? ನಮ್ಮದು ಹೆಣ್ಣಿನ ಕಡೆಯಾ, ಗಂಡಿನ ಕಡೆಯಾ?”

“ಯಾವ ಕಡೆಯಾದರೂ ಆಗಲಿ ಮಾರಾಯ, ಸ್ಪೇರ್‌ಪಾರ್ಟು ಬಂದರೆ ಸಾಕು” ಎಂದರು ಮಾವ. ಆ ದಿನ ಅವರು ಎರಡನೆಯ ಚಾ ಹೇಳಿದರು. ಮಾವ ಎರಡನೆಯ ಚಾ ಹೇಳಿದ್ದು ನಾನು ನೋಡಿದ್ದು ಅದೇ ಮೊದಲು.

ದೀಪಾವಳಿ ಕಳೆದು ರಸ್ತೆ ಒಣಗಿದ ಮೇಲೆ ಕಂಪೆನಿಯಿಂದ ತಂತಿ ಬಂತು. ಆ ಎರಡು ಹೊರದೇಶದ ಕಂಪೆನಿಗಳ ಒಬ್ಬೊಬ್ಬ ಎಂಜಿನಿಯರು ಊರೂರು ತಿರುಗಿ ಕಾರು ಹೇಗೆ ಓಡುತ್ತದೆಂದು ನೋಡುತ್ತಿದ್ದಾರೆ, ನಮ್ಮ ಕಡೆಗೂ ಬರುತ್ತಾರೆ, ಕಾರುಗಳನ್ನು ತೋರಿಸಬೇಕು ಎಂದು. ಬಂಟ್ವಾಳದಿಂದ ಹೊರಟು ಬೆಳ್ತಂಗಡಿ, ಅಲ್ಲಿಂದ ಅಳದಂಗಡಿ ಮೇಲಾಗಿ ಮೂಡುಬಿದಿರೆಗೆ ಹೋಗಿ, ಮಿಜಾರಿನ ದಾರಿಯಾಗಿ ಮಂಗಳೂರು ಸೇರುವುದು ಅವರ ಏರ್ಪಾಡು.

ನನ್ನ ಚಿಂತೆಗೆ ಹಬ್ಬವಾಯಿತು. ನಮ್ಮ ಕುರ್ಚಿ ಅವರ ಭಾರ ತಡೆದೀತೇ, ನಮ್ಮ ಕಾಫಿ ಅವರ ಹೊಟ್ಟೆಗೆ ಹಿಡಿಸೀತೇ, ಕಕ್ಕಸು ಕೇಳಿದರೆ ಎಲ್ಲಿಗೆ ಕರಕೊಂಡು ಹೋಗುವುದು. ಅಮ್ಮ ಬೈದರು: “ಅವರು ಬರುವುದು ಕಾರು ನೋಡ್ಲಿಕ್ಕೆ, ನಮ್ಮ ಕಕ್ಕಸು ನೋಡ್ಲಿಕ್ಕಲ್ಲ.” ಅಂತೂ ಚಿಂತೆ ಮಾಡಬೇಕಾದ ಒಂದನ್ನು ಬಿಟ್ಟು ಉಳಿದ ಎಲ್ಲದಕ್ಕೂ ನಾನು ಚಿಂತೆ ಮಾಡಿದೆ.

ಮಾವ ಎಲ್ಲ ಕಾರುಗಳನ್ನೂ ತರಿಸಿ ಸರಿ ಮಾಡತೊಡಗಿದರು. ವಾಮದಪದವಿನ ಡ್ರೈವರ್ ತನ್ನ ಗಾಡಿಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಹೇಳಿದ: “ಅಣ್ಣ, ಇದರಲ್ಲಿ ಕಂಪೆನಿಯದ್ದು ಅಂತ ಉಳಿದದ್ದು ಮೂತಿಯ ಬಿಲ್ಲೆ ಮಾತ್ರ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುವವ. ಪಾರ್ಟು ಬರುವುದಿಲ್ಲ ಅಂತ ಅವರ ಹತ್ತಿರ ಹೇಳ್ತೇನೆ.”

“ಸಂಬಂಧ ನೋಡ್ಲಿಕ್ಕೆ ಬಂದವರ ಎದುರು, ಹುಡುಗಿಗೆ ಕೆಮ್ಮು ಉಂಟು ಅಂತ ಹೇಳ್ತಾರಾ ಮಾರಾಯ?” ಎಂದರು ಮಾವ.

“ಇದ್ದರೆ ಹೇಳದೆ ಇರುವುದು ಸರಿಯಾ?”

“ಮದುವೆ ಆಗಲಿ. ಮತ್ತೆ ಮದ್ದು ಮಾಡಿಸುವ.”

ಅವರು ಬಂದರು. ಒಬ್ಬ ಹಿರಿಯ, ಉದ್ದಕ್ಕೆ, ಬಿಸಿಲಿಗೆ ಕೆಂಪಾದ ಮೂಗಿನವ. ಇನ್ನೊಬ್ಬ ಕಿರಿಯ, ಕಂಡದ್ದನ್ನೆಲ್ಲ ಫೋಟೋ ತೆಗೆಯುವವ. ಜೊತೆಗೆ ನಮ್ಮ ಕಂಪೆನಿಯ ಒಬ್ಬ ಆಫೀಸರು, ಬೆಂಗಳೂರು ಕಡೆಯವರು. ಇಂಗ್ಲಿಷನ್ನು ಕನ್ನಡಕ್ಕೂ ಕನ್ನಡವನ್ನು ಇಂಗ್ಲಿಷಿಗೂ ಮಾಡಿ ಹೇಳುತ್ತಿದ್ದದ್ದು ಅವರೇ. ಬೆಳಗ್ಗಿನಿಂದಲೇ ಅವರ ಅಂಗಿಯ ಬೆನ್ನು ಬೆವತು ಒದ್ದೆಯಾಗಿತ್ತು. ನನ್ನ ಜಾತಿಯವರೇ ಎಂದು ನೋಡಿದ ಕೂಡಲೇ ಗೊತ್ತಾಯಿತು. ಚಿಂತೆಯ ಜಾತಿ.

ಡ್ರೈವರನ ಬಾಡಿಗೆ ಕಾರಿನಲ್ಲಿ ಹೊರಟೆವು. ಮುಂದೆ ಹಿರಿಯರೂ ಮಾವನೂ, ಹಿಂದೆ ಉಳಿದವರು, ಮಾವನ ಪೆಟ್ಟಿಗೆ ನನ್ನ ತೊಡೆಯ ಮೇಲೆ. ಕಾರು ಆ ದಿನ ಓಡಿದ ಹಾಗೆ ಮತ್ತೆಂದೂ ಓಡಿದ್ದಿಲ್ಲ. ಏರಿನಲ್ಲಿ ಕುದಿಯಲಿಲ್ಲ, ಇಳಿಜಾರಿನಲ್ಲಿ ಕುಣಿಯಲಿಲ್ಲ. ಬೆಳ್ತಂಗಡಿಯ ಹೋಟೆಲಿನವರ ಹತ್ತಿರ ಹಿರಿಯರು ಆಫೀಸರ ಮೂಲಕ ಕೇಳಿಸಿದರು, ಕಾರಿನಿಂದ ಏನಾದರೂ ತೊಂದರೆ? ಹಿಂದಿನ ವಾರವಷ್ಟೇ ಚಕ್ರ ಕಳಚಿ ಗದ್ದೆಗೆ ಇಳಿದಿದ್ದ ಮನುಷ್ಯ, ಎಲೆಯಲ್ಲಿ ಗೋಳಿಬಜೆ ಮುಂದಿಡುತ್ತ, “ಏನೂ ತೊಂದರೆ ಇಲ್ಲ” ಎಂದರು. ಅಳದಂಗಡಿಯಲ್ಲಿ ನಿಂತಾಗ ಡ್ರೈವರನನ್ನೇ ಕೇಳಿದರು. ಅವನು ಮಾವನ ಮುಖ ನೋಡಿದ. ಮಾವ ರಸ್ತೆ ನೋಡುತ್ತಿದ್ದರು. “ಬಂಗಾರದಂಥ ಗಾಡಿ” ಎಂದುಬಿಟ್ಟ ಅವನು.

ಮೂಡುಬಿದಿರೆಯಲ್ಲಿ ಡಾಕ್ಟರ ಮನೆಯಂಗಳದಲ್ಲಿ ಕಾಫಿ. ಡಾಕ್ಟರದ್ದು, ಡ್ರೈವರನದ್ದು ಎರಡೂ ಕಾರು ಅಕ್ಕಪಕ್ಕ ನಿಂತಿದ್ದವು. ಹಿರಿಯರು ಕಾಫಿ ಮುಗಿಸಿ, ಅಡಿ ನೋಡಬೇಕು ಎಂದರು. ಡಾಕ್ಟರ ಮನೆಯವರು ಚಾಪೆ ತಂದು ಹಾಸಿದರು. ಅವರು ಕೋಟು ಕಳಚಿಟ್ಟು ಮಲಗಿ ಕಾರಿನ ಅಡಿಗೆ ಸರಿದರು. ಹೊರಗೆ ಅವರ ಬೂಟು ಮಾತ್ರ. ಒಂದು ಕಾರು ಆಯಿತು, ಇನ್ನೊಂದರ ಅಡಿಗೂ ಹೋದರು. ನಾನು, ಚಾಪೆಯಲ್ಲಿ ತಿಗಣೆ ಇದ್ದರೆ ಏನು ಗತಿ ಎಂದು ಯೋಚಿಸುತ್ತಿದ್ದೆ.

ಎದ್ದು ಬಂದು, ಕೈ ಒರೆಸಿಕೊಳ್ಳುತ್ತ ಏನೋ ಕೇಳಿದರು. ಆಫೀಸರು ತಡೆದು ತಡೆದು ಕನ್ನಡದಲ್ಲಿ ಹೇಳಿದರು: “ನಮ್ಮ ಕಂಪೆನಿಯ ಪಾರ್ಟು ಹಾಕಿ ರಿಪೇರಿ ಮಾಡಿದ ಕಾರು ಯಾವುದಾದ್ರೂ ಇದೆಯಾ, ತೋರಿಸಿ ಅಂತಾರೆ.”

ಮಾವನ ಮುಖ ಅರಳಿತು. “ಒಂದೂ ಇಲ್ಲ ಸಾರ್! ಎಲ್ಲಾ ನಾವೇ ಇಲ್ಲಿ ಮಾಡಿದ್ದು!” ನನ್ನ ಕೈಯಿಂದ ಪೆಟ್ಟಿಗೆ ಕಿತ್ತುಕೊಂಡು ಚಾಪೆಯ ಮೇಲೆ ಒಂದೊಂದಾಗಿ ಹರವಿದರು. ಟಯರಿನ ರಬ್ಬರು, ಬಟ್ಟೆ ಸುತ್ತಿದ ಪೈಪು, ಲೇತಿನ ಗೆರೆ ಇನ್ನೂ ಮಾಸದ ಕಬ್ಬಿಣ. ಮದುವಣಗಿತ್ತಿಯ ಒಡವೆ ತೋರಿಸುವ ಹಾಗೆ. ಹಿರಿಯರು ಪ್ರತಿಯೊಂದನ್ನೂ ಕೈಗೆತ್ತಿಕೊಂಡು ನೋಡಿದರು. ಮಾವನ ಕೈಯನ್ನು ಬಹಳ ಹೊತ್ತು ಕುಲುಕಿದರು. ಒಂದು ರಬ್ಬರು ಕೇಳಿ ಪಡೆದು ಕರವಸ್ತ್ರದಲ್ಲಿ ಕಟ್ಟಿಕೊಂಡರು. ಕಿರಿಯವ ಮಾವನ ಫೋಟೋ ತೆಗೆದ. ಸಂಬಂಧ ನಿಶ್ಚಯವಾಯಿತೆಂದೇ ನಾನೂ ತಿಳಿದೆ.

ಅವರಿಬ್ಬರೂ ಮಂಗಳೂರಿಗೆ ಹೊರಟು, ಅಲ್ಲಿಂದ ಅವರನ್ನು ಕರೆದೊಯ್ಯಲು ಬಂದಿದ್ದ ಕಾರು ಹತ್ತಿದ ಮೇಲೆ ಆಫೀಸರು ಮಾವನನ್ನು ಗೇಟಿನ ಹತ್ತಿರ ಕರೆದರು. ನಾನೂ ಹೋದೆ. ಅವರು ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

“ನಿಮ್ಮ ಮೇಲೆ ನನಗೆ ಬೇಜಾರಿಲ್ಲ. ಆದ್ರೆ ನಾವು ಅವರಿಗೆ ಏನು ಹೇಳಿದ್ವಿ ಗೊತ್ತಾ? ಎಂಜಿನ್ನಿಗೆ ಮಾತ್ರ ಸಹಾಯ ಮಾಡಿ, ಉಳಿದ ಪಾರ್ಟೆಲ್ಲ ನಮ್ಮ ಫ್ಯಾಕ್ಟರೀಲೇ ಮಾಡ್ತಿದ್ದೀವಿ, ಊರೂರಿಗೆ ಕಳಿಸ್ತಿದ್ದೀವಿ ಅಂತ. ಬೆಳಗ್ಗೆಯಿಂದ ನೋಡಿದ ಒಂದು ಗಾಡೀಲೂ ನಮ್ಮ ಪಾರ್ಟಿಲ್ಲ. ಪಾರ್ಟೇ ಮಾಡದ ಫ್ಯಾಕ್ಟರಿ ಜೊತೆ ಕೂಡಿಕೊಂಡು ಏನು ಮಾಡೋದು ಅಂತ ಆಗಲೇ ಕೇಳಿದ್ರು ನನ್ನನ್ನ.”

“ಕಳಿಸಿದ್ದರೆ ಹಾಕ್ತಿದ್ದೆ ಸಾರ್” ಎಂದರು ಮಾವ.

“ಗೊತ್ತು” ಎಂದರು ಆಫೀಸರು. ಮತ್ತೊಮ್ಮೆ, “ಗೊತ್ತು” ಎಂದು ಹೇಳಿ ಕಾರಿನ ಕಡೆಗೆ ನಡೆದರು.

ನಾವು ಮೂವರು ಡ್ರೈವರನ ಕಾರಿನಲ್ಲೇ ಬಂಟ್ವಾಳಕ್ಕೆ ಹಿಂದಿರುಗಿದೆವು. ವಾಮದಪದವು ಹತ್ತಿರ ಬರುವಾಗ ಡ್ರೈವರ್ ಕೇಳಿದ: “ಅಣ್ಣ, ನಾನು ಮೊದಲೇ ಹೇಳಿಬಿಡಬೇಕಿತ್ತಾ?”

“ಹೇಳಿದ್ದರೆ ಏನಾಗ್ತಿತ್ತು? ಅವರು ಅಡಿಗೆ ಹೋಗಿ ನೋಡದೆ ಬಿಡುವವರಾ?” ಎಂದರು ಮಾವ. ಬೆಳಗ್ಗಿನಿಂದ ಕುದಿಯದ ಆ ಕಾರು ಆಗ ಏರಿನಲ್ಲಿ ಕುದಿಯಲಿಕ್ಕೆ ಶುರುವಾಯಿತು. ನಿಲ್ಲಿಸಿ ನೀರು ಹಾಕಿದೆವು.

ಮುಂದಿನ ಮಳೆಗಾಲದಲ್ಲಿ ಪೇಪರಿನಲ್ಲಿ ಸಣ್ಣದಾಗಿ ಬಂತು. ಮಾತುಕತೆ ಮುರಿದಿದೆ, ಕಾರ್ಖಾನೆ ಮುಚ್ಚುತ್ತಿದೆ. ಅದನ್ನು ನಾನು ಪೇಪರು ಕೊಂಡು ನಮ್ಮ ಚಾ ಹೋಟೆಲಿನ ಬಾಗಿಲಲ್ಲೇ ಓದಿದೆ. ಒಳಗೆ ಹೋಗಿ ನೋಡಿದರೆ, ಜವಳಿ ಅಂಗಡಿಯವನು ಅಲ್ಲಿಯ ಪೇಪರಿನ ಆ ಪುಟವನ್ನು ಮಡಚಿ ಅದರ ಮೇಲೆ ಕೂತಿದ್ದ. ಮಾವ ಬಂದಾಗ ಮಳೆಯ ಬಗ್ಗೆ ಮಾತಾಡಿದ.

ಆದರೂ ಮಾವನಿಗೆ ಗೊತ್ತಾಗದೆ ಇರುತ್ತದೆಯೇ. ಮಾವ ಕೊಡೆ ಹಿಡಿದು ಒಬ್ಬೊಬ್ಬರ ಮನೆಗೂ ಹೋದರು, ಸಾವಿನ ಸುದ್ದಿ ತಿಳಿಸಲು ಹೋಗುವ ಹಾಗೆ. “ನಾನು ಹೇಳಿ ನೀವು ತೆಗೆದದ್ದು. ಇನ್ನು ಕಂಪೆನಿ ಇಲ್ಲ.” ಹೋಟೆಲಿನವರು, ಡಾಕ್ಟರು, ಎಲ್ಲರೂ ಹೇಳಿದ್ದು ಒಂದೇ: “ಅದಕ್ಕೇನು, ನೀವಿದ್ದೀರಲ್ಲ.” ಯಾರಾದರೂ ಒಬ್ಬ ಜಗಳ ಮಾಡಿದ್ದರೆ ಮಾವನಿಗೆ ಹಗುರವಾಗುತ್ತಿತ್ತು. ಯಾರೂ ಮಾಡಲಿಲ್ಲ. ನಮ್ಮ ಕಡೆಯವರ ಮರ್ಯಾದೆ ಕೆಲವೊಮ್ಮೆ ಮನುಷ್ಯನನ್ನು ಹೀಗೆ ಕೊಲ್ಲುತ್ತದೆ.

ಮಾವ ಮೊದಲು ಸ್ವಂತಕ್ಕೆ ಇಟ್ಟುಕೊಂಡಿದ್ದ ಅದೇ ಕಂಪೆನಿಯ ಕಾರನ್ನು ಬಿಚ್ಚಿ ಅದರ ಭಾಗಗಳನ್ನು ಬೇರೆಯವರ ಕಾರಿಗೆ ಹಾಕಿದರು. ಆಮೇಲೆ ಹೋಟೆಲಿನವರದ್ದು ನಿಂತಿತು. ಅದನ್ನು ಬಿಚ್ಚಿ ಡಾಕ್ಟರದ್ದಕ್ಕೆ ಹಾಕಿದರು. ಬೇರೆ ಕಂಪೆನಿಯ ಕಾರು ಮುಟ್ಟಿ ಎಂದು ನಾನು ಬೇಡಿಕೊಂಡೆ. “ಇವರದ್ದು ಮುಗಿಯಲಿ” ಎನ್ನುತ್ತಿದ್ದರು. ಮುಗಿಯುತ್ತಲೇ ಇತ್ತು. ಕೊನೆಗೆ ಉಳಿದದ್ದು ಡ್ರೈವರನ ಬಾಡಿಗೆ ಕಾರು ಒಂದೇ. ಅದೂ ಒಂದು ದಿನ ಕಾಣೆಯಾಯಿತು. ಡ್ರೈವರ್ ಅದನ್ನು ಗುಜರಿಗೆ ಹಾಕಿ ಬೇರೆ ಕಾರು ತೆಗೆದಿದ್ದಾನೆ, ಬಂಟ್ವಾಳದ ರಸ್ತೆಯನ್ನೇ ಬಿಟ್ಟಿದ್ದಾನೆ, ಮಂಗಳೂರಿಗೆ ಬಾಡಿಗೆ ಇದ್ದರೂ ಮಿಜಾರಿನ ಮೇಲಾಗಿ ಸುತ್ತಿ ಹೋಗುತ್ತಾನೆ ಎಂದು ಸುದ್ದಿ ಬಂತು. ನಮ್ಮ ವರ್ಕ್‌ಶಾಪಿನ ಎದುರು ಹಾದುಹೋಗಲು ಅವನಿಗೆ ಮುಖವಿರಲಿಲ್ಲ.

ಇದು ಮಾವನಿಗೆ ತಿಳಿಯದ ಹಾಗೆ ನೋಡಿಕೊಳ್ಳುವುದು ಹೇಗೆಂದು ನಾನು ಒದ್ದಾಡುತ್ತಿದ್ದರೆ, ಅವರೇ ಒಂದು ದಿನ ಹೇಳಿದರು: “ಅವನಿಗೆ ಹೇಳು. ಸುಮ್ಮನೆ ಸುತ್ತು ಹಾಕಿ ಪೆಟ್ರೋಲ್ ದಂಡ ಮಾಡುವುದು ಬೇಡ. ಈ ದಾರಿಯಾಗಿ ಬರಲಿ.”

ನಾನು ವಾಮದಪದವಿಗೆ ಹೋಗಿ ಹೇಳಿದೆ. ಮರುದಿನ ಅವನು ಬಂದ. ಹೊಸ ಕಾರನ್ನು ವರ್ಕ್‌ಶಾಪಿನಿಂದ ಸ್ವಲ್ಪ ದೂರದಲ್ಲಿ, ತಪ್ಪು ಮಾಡಿದವನ ಹಾಗೆ ನಿಲ್ಲಿಸಿದ. ಮಾವ ತಾವೇ ನಡೆದು ಹೋಗಿ ಬಾನೆಟ್ ತೆರೆದರು. ಒಳಗೆ ಎಲ್ಲವೂ ಹೊಸದು, ಎಲ್ಲವೂ ಆ ಕಾರಿನ ಕಂಪೆನಿಯದ್ದೇ. ಬಹಳ ಹೊತ್ತು ನೋಡಿ, ಸದ್ದಾಗದ ಹಾಗೆ ಮುಚ್ಚಿದರು.

“ಒಳ್ಳೆಯದುಂಟು. ಇದರಲ್ಲಿ ನನಗೆ ಏನೂ ಕೆಲಸ ಇಲ್ಲ.”

ಡ್ರೈವರ್ ಕೈಯಲ್ಲಿದ್ದ ಬೈರಾಸು ಟವೆಲನ್ನು ಹಿಂಡಿದ. “ಹಾಗಲ್ಲ ಅಣ್ಣ... ಎಡ ಬದಿಯಿಂದ ಒಂದು ಶಬ್ದ ಬರ್ತದೆ. ಏರು ಹತ್ತುವಾಗ. ನೀವೊಮ್ಮೆ ನೋಡಬೇಕು.”

ಮಾವ ಅವನನ್ನು ನೋಡಿದರು. ಆಮೇಲೆ ಸ್ಟಾರ್ಟ್ ಮಾಡಲು ಹೇಳಿ, ಮಡ್‌ಗಾರ್ಡಿನ ಮೇಲೆ ಕೈಯೂರಿ ಬಗ್ಗಿ, ಕಣ್ಣು ಮುಚ್ಚಿ ಕೇಳಿದರು. ಎಂಜಿನ್ ಬೆಣ್ಣೆಯ ಹಾಗೆ ತಿರುಗುತ್ತಿತ್ತು.

“ಹೌದು, ಉಂಟು” ಎಂದರು. ನನ್ನ ಕಡೆಗೆ ತಿರುಗಿ ಸ್ಪ್ಯಾನರ್ ಕೇಳಿದರು. ನಾನು ತಂದು ಕೊಟ್ಟೆ. ಅವರು ಎಡ ಬದಿಯ ಒಂದು ಬಿಗಿಯಾದ ನಟ್ಟನ್ನು ತುಸು ಸಡಿಲಿಸಿ, ಮತ್ತೆ ಅಷ್ಟೇ ಬಿಗಿ ಮಾಡಿದರು. “ಈಗ?” ಎಂದು ಕೇಳಿದರು.

“ಈಗ ಇಲ್ಲ ಅಣ್ಣ” ಎಂದ ಅವನು.