ಬೀರಣ್ಣ ಸಾಕಿದ ನೊಣಗಳು

ಬೀರಣ್ಣನಿಗೆ ಸರ್ಕಾರ ಸಂಬಳ ಕೊಡುತ್ತಿದ್ದದ್ದು ನೊಣ ಸಾಕಲಿಕ್ಕೆ. ಬೆಳಗಾವಿಯ ಲ್ಯಾಬಿನಲ್ಲಿ ಅವನು ನೊಣಗಳಿಗೆ ಹಾಲು ಸಕ್ಕರೆ ಇಡುತ್ತಿದ್ದ. ಮನೆಯಲ್ಲಿ ಹೆಂಡತಿ ಸಿದ್ದಕ್ಕ ನೊಣಗಳನ್ನು ಟವೆಲ್ಲಿನಿಂದ ಹೊಡೆಯುತ್ತಿದ್ದಳು.

ಕಾಯಿಪಲ್ಯದ ರಸವನ್ನು ಬಾಟಲಿಯೊಳಗೆ ಸವರಿ, ಒಣಗಿಸಿ, ನೊಣ ಬಿಡುವುದು. ಹೊಲದಲ್ಲಿ ಹುಳಕ್ಕೆ ಹೊಡೆದ ಔಷಧ ಕಾಯಿಯಲ್ಲಿ ಉಳಿದಿದ್ದರೆ ನೊಣ ಸತ್ತು ಬೀಳುತ್ತವೆ. ದೂರದ ದೊಡ್ಡ ಲ್ಯಾಬಿಗೆ ಕಳಿಸಿದರೆ ಉತ್ತರ ಬರುವುದರೊಳಗೆ ಕಾಯಿ ಕೊಳೆಯುತ್ತಿತ್ತು. ನೊಣ ಅರ್ಧ ದಿನದಲ್ಲಿ ಹೇಳುತ್ತಿತ್ತು.

ಎಂಬತ್ತೆರಡರ ಚಳಿಗಾಲ. ಖಾನಾಪುರದಿಂದ ಅವನ ಅಕ್ಕ ಪದ್ಮವ್ವ ಬದನೆಕಾಯಿ ಬುಟ್ಟಿ ಹೊತ್ತು ಬಂದಳು. ಪರೀಕ್ಷೆಯಲ್ಲಿ ಪಾಸಾದರೆ ಊರಿನ ಹಾಸ್ಟೆಲಿನವರು ವರ್ಷವಿಡೀ ಅವಳ ಹೊಲದ ಕಾಯಿಯನ್ನೇ ಕೊಳ್ಳುವವರು. ಇಲ್ಲದಿದ್ದರೆ ಬೇರೆಯವರದು.

ಬೀರಣ್ಣ ನೊಣ ಬಿಟ್ಟ. ಚಹಾ ಕುಡಿದು ಬರುವಷ್ಟರಲ್ಲಿ ಎಲ್ಲ ಅಂಗಾತ.

"ಅಕ್ಕಾ, ಬದನಿಕಾಯಿಗೆ ಏನ್ ಹೊಡದೀ?"

"ನೀರ ಬಿಟ್ಟ ಏನೂ ಇಲ್ಲೋ. ನಿನ್ನ ನೊಣಕ್ಕ ಜಡ್ಡ ಆಗಿರಬೇಕ."

ಲ್ಯಾಬಿನ ಸಾಹೇಬ ಗುರುಪುತ್ರಪ್ಪ ಪಕ್ಕದ ಬಾಟಲಿ ಎತ್ತಿ ನೋಡಿದರು. ಪ್ರತಿ ಪರೀಕ್ಷೆಗೂ ಹೋಲಿಕೆಗೆಂದು ರಸ ಸವರದ ಒಂದು ಬಾಟಲಿಯಲ್ಲೂ ನೊಣ ಬಿಟ್ಟಿಡುವುದು ರೂಢಿ. ಅದರಲ್ಲೂ ನೊಣ ಸತ್ತಿದ್ದವು.

"ಇವೇನ ಗಾಳಿ ತಿಂದ ಸತ್ತುವೇನೋ ಬೀರಣ್ಣ? ರಾತ್ರಿ ಎಲ್ಲಿಟ್ಟಿದ್ದಿ?"

"ಥಂಡಿ ಭಾಳ ಇತ್ತರೀ. ಪಂಜರಕ್ಕ ಕಂಬಳಿ ಹೊಚ್ಚಿದ್ನಿ." ಕುರಿಮರಿಗೆ ಹೊದಿಸುವ ಮನೆತನ, ನೊಣಕ್ಕೂ ಹೊದಿಸಿದ್ದ. ಬೆಳಿಗ್ಗೆ ಅವು ಮಂಕಾಗಿದ್ದವು, ಚಳಿ ಎಂದುಕೊಂಡಿದ್ದ.

ಪದ್ಮವ್ವ ಬಾಯಿಗೆ ಸೆರಗು ಹಿಡಿದಳು. "ನಾ ಕೊಟ್ಟ ಕಂಬಳಿಯೇನೋ? ಹೇನ ಆಗಿದ್ವು ಅಂತ ಕುರಿಗೆ ಹಾಕೂ ಪುಡಿ ಹಾಕೇನಲ್ಲೋ ಅದಕ್ಕ."

ಸಾಹೇಬರು ಗೋಡೆಯ ಕಡೆ ತಿರುಗಿ ನಿಂತರು. ಹೆಗಲು ಮಾತ್ರ ಕುಣಿಯುತ್ತಿತ್ತು.

"ಬಜಾರದಾಗ ಬೇಕಾದಷ್ಟ ನೊಣ ಅದಾವರೀ ಸಾಹೇಬ್ರ, ಹಿಡಕೊಂಡ ಬರ್ಲಿ?"

"ಬ್ಯಾಡವ್ವಾ. ಅವು ಎಲ್ಲಾ ಔಷಧ ಕುಡದ ಗಟ್ಟಿ ಆಗ್ಯಾವ. ನಿನ್ನ ಪುಡಿಗೂ ಸಾಯಂಗಿಲ್ಲ."

"ಹಿಂದಿನ ಖೋಲ್ಯಾಗ ಇನ್ನೊಂದ ಪಂಜರ ಐತ್ರಿ," ಎಂದ ಬೀರಣ್ಣ. "ಅದಕ್ಕ ಕಂಬಳಿ ಸಾಲಲಿಲ್ಲ."

ಆ ನೊಣಗಳು ಚಳಿಗೆ ಸೆಟೆದು ಬಿದ್ದಿದ್ದವು. ಅಕ್ಕ ತಮ್ಮ ಪಂಜರ ಹೊತ್ತು ಬಿಸಿಲಿಗೆ ತಂದರು.

"ಏಳ್ರೆಪಾ, ನಮ್ಮಪ್ಪಗೋಳ್ರಾ. ನನ್ನ ಹೊಲದ ಮರ್ಯಾದಿ ನಿಮ್ಮ ಕೈಯಾಗ ಐತಿ."

"ಕೈ ಅಲ್ಲಕ್ಕಾ, ಕಾಲು. ಅವಕ್ಕ ಬರೇ ಕಾಲ ಇರ್ತಾವು."

ಒಂದು ನೊಣ ಕಾಲು ಉಜ್ಜಿತು. ಆಮೇಲೆ ಹತ್ತು. ಆಮೇಲೆ ಪಂಜರವೇ ಗುಂಯ್ ಎಂದಿತು. ಬೀರಣ್ಣ ನಕ್ಕು ನಕ್ಕು ಅಂಗಳದಲ್ಲೇ ಕುಳಿತುಬಿಟ್ಟ.

ಹೊಸ ಬಾಟಲಿ, ಹೊಸ ರಸ. ಊಟದ ಹೊತ್ತು ದಾಟಿದರೂ ಒಂದೂ ಬೀಳಲಿಲ್ಲ. ಸಾಹೇಬರು ಸಹಿ ಹಾಕಿದರು. ಬುಟ್ಟಿ ಹಾಸ್ಟೆಲಿಗೆ ಹೋಯಿತು. ಮರುವಾರ ಅವಳ ಹೊಲದಿಂದ ಅಲ್ಲಿಗೆ ಎರಡು ಬುಟ್ಟಿ ಹೋದವು.

ಆ ಸಂಜೆ ಬೀರಣ್ಣ ಮನೆಯಲ್ಲಿ ನಡೆದದ್ದನ್ನು ಹೇಳಲು ಹೋಗಿ ನಕ್ಕ. ಮತ್ತೆ ಶುರು ಮಾಡಿ ಮತ್ತೆ ನಕ್ಕ. ಹೇಳಿ ಮುಗಿಸಲೇ ಇಲ್ಲ. ಸಿದ್ದಕ್ಕ ಅದನ್ನು ಪೂರ್ತಿ ಕೇಳಿದ್ದು ಈ ವರ್ಷ, ಅವನನ್ನು ಮಣ್ಣು ಮಾಡಿ ಬಂದ ದಿನ, ಪದ್ಮವ್ವನ ಬಾಯಿಂದ. ಬಂದ ಜನ ನೋಡುತ್ತಿದ್ದರೂ ಇಬ್ಬರೂ ನಕ್ಕರು.