ಅವರ ಕೈಪಟ್ಟಿ, ನನ್ನ ನಾಡಿ

ನನ್ನ ಗಂಡನ ಹೃದಯ ಸೋತಿದೆ, ರಕ್ತವನ್ನು ಸರಿಯಾಗಿ ಪಂಪ್ ಮಾಡುತ್ತಿಲ್ಲ ಎಂದು ಡಾಕ್ಟರು ಹೇಳಿ ಆಗ ಒಂದು ವರ್ಷವಾಗಿತ್ತು. ಆಸ್ಪತ್ರೆಯವರು ಗಡಿಯಾರದಂಥ ಕೈಪಟ್ಟಿಯೊಂದನ್ನು ಕೊಟ್ಟಿದ್ದರು. ಅದು ಅವರ ನಾಡಿಯ ವಿವರವನ್ನು ನನ್ನ ಮೊಬೈಲ್ ಮೂಲಕ ಅಲ್ಲಿನ ನರ್ಸ್‌ಗೆ ಕಳಿಸುತ್ತಿತ್ತು. ಪಟ್ಟಿ ಬಿಚ್ಚಿಟ್ಟರೆ ಸಾಕು, ಆ ನರ್ಸ್ ಫೋನ್ ಬರುತ್ತಿತ್ತು.

ಅವತ್ತು ನಾನು ಹಳೇಬೀಡಿನ ಅಕ್ಕನ ಮನೆಗೆ ಹೊರಟಿದ್ದೆ. ಇವರು ಅರಸೀಕೆರೆಯ ಕೊಬ್ಬರಿ ಮಂಡಿಗೆ ಹೊರಡುತ್ತಾ ಪಟ್ಟಿ ಬಿಚ್ಚಿ ನನ್ನ ಕೈಗಿಟ್ಟರು.

"ಬೆವರಿಗೆ ತುರಿಸ್ತೈತೆ ಕಣೇ. ಇವತ್ತೊಂದಿನ ನೀನೇ ಹಾಕ್ಕೋ. ಯಾರ ಕೈ ಅಂತ ಆ ನರ್ಸಮ್ಮಂಗೆ ಎಲ್ಲಿ ಗೊತ್ತಾಗ್ತೈತೆ?"

ನಾನೂ ನಕ್ಕು ಕಟ್ಟಿಕೊಂಡೆ.

ಬಸ್ಸು ಜಾವಗಲ್ ದಾಟುವಷ್ಟರಲ್ಲಿ ಫೋನ್ ಬಂತು. "ಅಮ್ಮಾ, ಯಜಮಾನರ ನಾಡಿ ತುಂಬಾ ಏರುಪೇರಾಗಿದೆ. ತಕ್ಷಣ ಹತ್ತಿರದ ಆಸ್ಪತ್ರೆಗೆ ಕರ್ಕೊಂಡು ಹೋಗಿ."

ನಾನು ಗಾಬರಿಯಲ್ಲಿ ಆ ಕರೆ ಕತ್ತರಿಸಿ ಮಂಡಿಗೆ ಫೋನ್ ಮಾಡಿದೆ. "ನಂಗೇನಾಗೈತೆ? ಕಾಫಿ ಕುಡೀತಾ ಕೂತಿದೀನಿ," ಎಂದರು ಇವರು. ಆಗ ನನ್ನ ಮಣಿಕಟ್ಟು ಕಣ್ಣಿಗೆ ಬಿತ್ತು. ಪಟ್ಟಿ ಇದ್ದದ್ದು ನನ್ನ ಕೈಯಲ್ಲಿ.

ನರ್ಸ್‌ಗೆ ಮತ್ತೆ ಫೋನ್ ಮಾಡಿ ನಿಜ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಆದರೆ ಅವರು, "ಹಾಗಾದ್ರೆ ಅದು ನಿಮ್ಮದೇ ಅಮ್ಮಾ. ಎದೆ ಹೊಡ್ಕೊಳ್ಳುತ್ತಾ? ಸುಸ್ತಾಗುತ್ತಾ?" ಎಂದರು.

ಆಗುತ್ತಿತ್ತು. ಎಷ್ಟೋ ತಿಂಗಳಿಂದ ಆಗುತ್ತಿತ್ತು. ಇವರ ಚಿಂತೆಗೆ ಹಾಗಾಗುತ್ತದೆ ಎಂದು ಬಿಟ್ಟಿದ್ದೆ.

ಹಳೇಬೀಡಿನಲ್ಲಿ ಇಳಿದಾಗ ನಿಲ್ಲಲಾಗಲಿಲ್ಲ. ಫೋನ್ ಮಾಡಿದ್ದಕ್ಕೆ ಅಕ್ಕನೇ ಬಂದು ಆಟೋದಲ್ಲಿ ಬೇಲೂರಿನ ಆಸ್ಪತ್ರೆಗೆ ಕರೆದೊಯ್ದಳು. ಇಸಿಜಿ ಕಾಗದವನ್ನು ಡಾಕ್ಟರು ಎರಡು ಸಲ ನೋಡಿದರು. "ಬಡಿತ ತಾಳ ತಪ್ಪಿದೆ. ಹೀಗೇ ಬಿಟ್ಟಿದ್ದರೆ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೊಡೀಬಹುದಿತ್ತು," ಎಂದರು. ಆ ಮಾತು ಬೇರೆ ಯಾರಿಗೋ ಹೇಳಿದಂತೆ ಕೇಳಿಸಿತು. ಒಂದು ವರ್ಷ ಇವರ ಕಾಲು ಊದಿದೆಯೇ, ಉಸಿರು ಕಟ್ಟುತ್ತಿದೆಯೇ ಎಂದು ದಿನಾ ನೋಡಿದವಳು ನಾನು. ರೋಗಿ ನಾನೂ ಆಗಬಹುದೆಂದು ಕನಸಿನಲ್ಲೂ ಅನ್ನಿಸಿರಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಇವರು ಬಂದರು. ಮಂಚದ ಪಕ್ಕ ನಿಂತು ನನ್ನ ಕೈಯನ್ನೇ ನೋಡಿದರು. "ನಿಂಗೇನಾದ್ರೂ ಆಗ್ತೈತೆ ಅಂತ ಒಂದಿನಾನೂ ಹೊಳೀಲಿಲ್ವಲ್ಲೇ," ಎಂದು ಕುಸಿದು ಕೂತರು.

ಮೂರು ದಿನ ಅಲ್ಲಿದ್ದೆ. ಮಾತ್ರೆಗೆ ಬಡಿತ ಹಿಡಿತಕ್ಕೆ ಬಂತು. ಮನೆಗೆ ಬಂದ ಮರುದಿನ ಬೆಳಿಗ್ಗೆ ಇವರು ನೀರಿನ ಲೋಟ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು.

"ಮಾತ್ರೆ ತಗೊಂಡ್ಯೇನೇ?"

ಮದುವೆಯಾದಾಗಿನಿಂದ ಅವರು ನನಗೆ ಆ ಪ್ರಶ್ನೆ ಕೇಳಿದ್ದು ಅದೇ ಮೊದಲು.